ಕೌದಿಗೆ ಉಣಿಸಿದ ನೋಟುಗಳು

ನಮ್ಮ ಕಡೆ ಕೌದಿ ಹೊಲಿಯುವಾಗ ಕೊನೆಯ ಮೂಲೆಯೊಂದನ್ನು ಹಾಗೇ ಬಾಯಿ ತೆರೆದು ಬಿಟ್ಟಿರುತ್ತೇವೆ. ಹಳೆಯ ಸೀರೆ, ಧೋತರ, ಮಕ್ಕಳ ಅಂಗಿಯ ತುಂಡುಗಳನ್ನೆಲ್ಲ ಪದರಿನ ಮೇಲೆ ಪದರು ಕೂಡಿಸಿ, ಸುತ್ತ ದಾರ ಎಳೆಯುತ್ತ ಬಂದು, ಇನ್ನೇನು ಮುಗಿಯಿತು ಅನ್ನುವಾಗ ಆ ಮೂಲೆಯೊಳಗೆ ಒಂದು ಚೂರು ಜೋಳದ ರೊಟ್ಟಿ ಇಟ್ಟು ಬಾಯಿ ಮುಚ್ಚುತ್ತೇವೆ. ಕೌದಿಯ ಹೊಟ್ಟೆ ಹಸಿದಿರಬಾರದು. ಹಸಿದ ಕೌದಿ ಹೊದ್ದವರನ್ನು ಬೆಚ್ಚಗೆ ಇಡುವುದಿಲ್ಲ. ಒಮ್ಮೆ ಉಣಿಸಿದ ಮೂಲೆಯನ್ನು ಮತ್ತೆ ಯಾರೂ ಬಿಚ್ಚುವುದಿಲ್ಲ. ಅದು ಬಾಯಿಗೆ ಇಟ್ಟ ತುತ್ತನ್ನು ಕಿತ್ತುಕೊಂಡ ಹಾಗೆ.

ಹೋದ ವರ್ಷ ನಾನು ಬಿಚ್ಚಿದೆ. ದಾನೇಶ್ವರಿಗಾಗಿ ಬಿಚ್ಚಿದೆ.

ದಾನೇಶ್ವರಿ ನನ್ನ ಮಗಳ ಮಗಳು. ಅವಳ ಅಪ್ಪ ಅವ್ವ ಮಲ್ಲಟದಲ್ಲಿದ್ದಾರೆ. ಶಾಲೆ ಹತ್ತಿರವೆಂದು ಸಣ್ಣವಳಿದ್ದಾಗಿನಿಂದ ಮಾನ್ವಿಯಲ್ಲಿ ನನ್ನ ಜೊತೆಗೇ ಬೆಳೆದವಳು. ಅವರ ಎರಡೆಕರೆ ಹೊಲಕ್ಕೆ ಕಾಲುವೆ ನೀರು ಬಂದ ಮೇಲೆ ಮಣ್ಣು ಬೆಳ್ಳಗಾಗುತ್ತ ಬಂತು. ಬೇಸಿಗೆಯಲ್ಲಿ ನೋಡಿದರೆ ಯಾರೋ ಉಪ್ಪು ಚೆಲ್ಲಿ ಹೋದಂತೆ ಕಾಣುತ್ತದೆ. ಸವಳು ಅನ್ನುತ್ತೇವೆ. ಆ ಸವಳು ಯಾಕೆ ಬರುತ್ತದೆ, ಹೇಗೆ ಹೋಗುತ್ತದೆ ಅನ್ನುವುದನ್ನೇ ಹಿಡಿದು ಹುಡುಗಿ ರಾಯಚೂರಿನ ಕೃಷಿ ಕಾಲೇಜಿನಲ್ಲಿ ಓದಿದಳು. ಓದುತ್ತ ಓದುತ್ತ ಅವಳನ್ನು ಮೂರು ತಿಂಗಳ ಮಟ್ಟಿಗೆ ನೆದರ್ಲೆಂಡ್ಸ್ ಎಂಬ ದೇಶಕ್ಕೆ ಕರೆದರು. ಅಲ್ಲಿಯವರು ಸಮುದ್ರವನ್ನೇ ಹಿಂದೆ ತಳ್ಳಿ, ಅದರ ಉಪ್ಪು ತೊಳೆದು, ಹೊಲ ಮಾಡಿಕೊಂಡಿದ್ದಾರಂತೆ. ಹೋಗಿ ಬರುವ ಟಿಕೀಟು ಅವರದು, ತಿಂಗಳ ಖರ್ಚಿನ ಹಣವೂ ಅವರದು. ಆದರೆ ಆ ಹಣ ಕೈಗೆ ಬರುವುದು ಮೊದಲ ತಿಂಗಳು ಮುಗಿದ ಮೇಲೆ. ಅಲ್ಲಿಯತನಕ ಇರುವುದಕ್ಕೆ ಒಂದು ಕೋಣೆ ಗೊತ್ತು ಮಾಡಿದ್ದರು. ಆ ಮನೆಯಾಕೆ ಬೀಗದ ಕೈ ಕೊಡುವಾಗ ಇನ್ನೂರು ಯೂರೋ ನೋಟಿನಲ್ಲೇ ಎಣಿಸಿಕೊಳ್ಳುತ್ತಾಳಂತೆ. ಇಲ್ಲದಿದ್ದರೆ ಕೋಣೆ ಬೇರೆಯವರಿಗೆ. ಕೋಣೆ ಇಲ್ಲವೆಂದರೆ ಹುಡುಗಿ ಮುಂದಿನ ವರ್ಷ ಬರಬೇಕು.

ಇದ್ದಬದ್ದದ್ದು ಪಾಸ್‌ಪೋರ್ಟು, ವೀಸಾ, ಬೆಂಗಳೂರಿನ ಓಡಾಟದಲ್ಲಿ ಕರಗಿತ್ತು. ಅಪ್ಪ ಹೊಲದ ಮೇಲೆ ಸಾಲ ತೆಗೆದು ಕೊಡುತ್ತೇನೆ ಅಂದ. ಅವಳು ಕೇಳಲಿಲ್ಲ. "ಈ ಹೊಲ ಸುಧಾರಸೋದು ಕಲ್ಯಾಕ ಹೊಂಟೀನಿ. ಅದನ್ನ ಒತ್ತಿ ಇಟ್ಟು ಹೋಗು ಅಂತೀಯಲ್ಲಪ್ಪ" ಅಂದಳು. ಅಷ್ಟೇ ಅಂದದ್ದು. ಆಮೇಲೆ ಹೊರಗೆ ಹೋಗಿ ಬಟ್ಟೆ ಒಗೆಯಲು ಕುಳಿತಳು. ಒಗೆದದ್ದನ್ನೇ ಮತ್ತೆ ಒಗೆಯುತ್ತಿದ್ದಳು.

ಆಗ ನನಗೆ ಚೆನ್ನಪ್ಪ ನೆನಪಾದ.

ಅದು ದಾನೇಶ್ವರಿ ಇನ್ನೂ ಲಂಗ ಹಾಕುತ್ತಿದ್ದ ಕಾಲ. ಮಾನ್ವಿಯಲ್ಲಿ ಶಂಭುಲಿಂಗಪ್ಪ ಸಾವ್ಕಾರರ ಅಕ್ಕಿ ಗಿರಣಿ ಇತ್ತು. ನಾನು ಅಲ್ಲಿ ಅಕ್ಕಿ ಹಸನು ಮಾಡುವ ಹೆಂಗಸರ ಸಾಲಿನಲ್ಲಿ ಕೂಡುತ್ತಿದ್ದೆ. ಸಾವ್ಕಾರರು ಚೀನಾದಿಂದ ಒಂದು ಯಂತ್ರ ತರಿಸಿದರು. ಅಕ್ಕಿ ಧಾರೆಯಾಗಿ ಇಳಿಯುತ್ತಿದ್ದರೆ ಅದು ಒಂದೊಂದು ಕಾಳನ್ನೂ ನೋಡಿ, ಕರಿಯದನ್ನು ಉಫ್ ಎಂದು ಊದಿ ಆಚೆ ಹಾರಿಸುತ್ತಿತ್ತು. ಅದನ್ನು ಕೂಡಿಸಿ ನಡೆಸಿ ತೋರಿಸುವುದಕ್ಕೆ ಬಂದ ಮನುಷ್ಯನ ಹೆಸರು ಚೆನ್. ಹಮಾಲರು ಎರಡು ದಿನದಲ್ಲಿ ಅವನನ್ನು ಚೆನ್ನಪ್ಪ ಮಾಡಿಬಿಟ್ಟರು. ಅವನೂ ಹಾಗೆ ಕರೆದರೆ ಓಗೊಡುತ್ತಿದ್ದ.

ಆ ಯಂತ್ರ ನಡೆಯತೊಡಗಿದ ಮೇಲೆ ನಮ್ಮ ಸಾಲು ಸಣ್ಣದಾಯಿತು. ಹೆಂಗಸರು ಚೆನ್ನಪ್ಪನ ಮುಖ ನೋಡದೆ ಹೋಗುತ್ತಿದ್ದರು. ನನಗೂ ಸಿಟ್ಟಿತ್ತು. ಆದರೆ ಅವನು ವಿಷಮಜ್ವರ ಹಿಡಿದು ಗಿರಣಿಯ ಕೋಣೆಯಲ್ಲಿ ಒಬ್ಬನೇ ಮಲಗಿದಾಗ, ಆ ಬಾಗಿಲ ಮುಂದೆ ಸುಮ್ಮನೆ ಹಾದು ಹೋಗಲು ಕಾಲು ಬರಲಿಲ್ಲ. ನುಚ್ಚು ಮಜ್ಜಿಗೆ ಮಾಡಿ ಒಯ್ದೆ. ಎದ್ದು ಕುಳಿತ ಮೇಲೆ ಬಿಸಿ ರೊಟ್ಟಿ, ಬ್ಯಾಳಿ ಪಲ್ಯ. ಅವನ ಹೆಂಡತಿ ಬಸುರಿ ಎಂದು ಹೊಟ್ಟೆಯ ಮೇಲೆ ಕೈ ಆಡಿಸಿ ತೋರಿಸಿದ. ಹೋಗುವ ಹೊತ್ತಿಗೆ ಆ ಕೂಸಿಗೆಂದು ಸಣ್ಣದೊಂದು ಕೌದಿ ಹೊಲಿದೆ. ಕೊನೆಯ ಮೂಲೆಗೆ ರೊಟ್ಟಿ ಚೂರು ಇಡುವಾಗ ಅವನು ಎದುರಿಗೇ ಕುಳಿತಿದ್ದ. ಇದೇನು ಎಂದು ಕಣ್ಣಲ್ಲೇ ಕೇಳಿದ. ಅವನ ಫೋನಿನಲ್ಲಿ ಕನ್ನಡ ಒತ್ತಿದರೆ ಚೀನಾ ಮಾತು ಬರುತ್ತಿತ್ತು. ದಾನೇಶ್ವರಿ ಬರೆದು ತೋರಿಸಿದಳು. ಅವನು ಓದಿದ, ಮತ್ತೆ ಓದಿದ. ಎದ್ದು ಹೋಗಿ ಕೆಂಪು ಕಾಗದದಲ್ಲಿ ಸುತ್ತಿದ ನೋಟುಗಳನ್ನು ತಂದು ಎರಡೂ ಕೈಯಿಂದ ನನ್ನ ಮಡಿಲಿಗೆ ಹಾಕಿ, ಫೋನು ಮುಂದೆ ಹಿಡಿದ. ರಾತ್ರಿ ಶಾಲೆಯ ಓದು ನನ್ನದು; ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆ. "ಇದು ನಿಮ್ಮ ಮನೆಯ ಕೌದಿಯ ಊಟ."

ಅವನ ಲೆಕ್ಕದಲ್ಲಿ ಅದು ಪ್ರೀತಿಯ ಮಾತು ಇರಬೇಕು. ನಾನು ಹೇಳಿದ್ದನ್ನು ಹೇಳಿದಂತೆ ಹಿಡಿದೆ.

ಹಾಗೆ ಹಿಡಿಯುವುದಕ್ಕೂ ಕಾರಣವಿತ್ತು. ಸಾವ್ಕಾರರು ಆ ನೋಟುಗಳ ಬಗ್ಗೆ ಊರಿನ ಬ್ಯಾಂಕಿನಲ್ಲಿ ಕೇಳಿಸಿದರು. ಇಲ್ಲಿ ನಡೆಯುವುದಿಲ್ಲ ಅಂದರಂತೆ. ನಡೆಯದ ದುಡ್ಡು ನಮ್ಮ ಮನೆಗೆ ಹೊಸದಲ್ಲ. ನಿಜಾಮರ ಕಾಲದ ಹಾಲಿ ನಾಣ್ಯ ನಮ್ಮವ್ವನ ಗಡಿಗೆಯಲ್ಲಿ ಒಂದು ಹಿಡಿ ಉಳಿದಿತ್ತು. ಅದು ನಿಂತುಹೋದ ಮೇಲೆ ನಾವು ಮಕ್ಕಳು ಅದನ್ನು ಇಟ್ಟು ಕುಂಟೆಬಿಲ್ಲೆ ಆಡಿ ಕಳೆದೆವು. ಇದೂ ಅಂಥದ್ದೇ ಅಂದುಕೊಂಡೆ. ಆ ವರ್ಷ ದಾನೇಶ್ವರಿಗೆ ಹೊಲಿದ ದೊಡ್ಡ ಕೌದಿಯ ಮೂಲೆಗೆ ರೊಟ್ಟಿಯ ಜೊತೆ ಆ ನೋಟುಗಳನ್ನೂ ಎಣ್ಣೆ ಪಾಕೀಟಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟು, ಗಟ್ಟಿಯಾಗಿ ಹೊಲಿದುಬಿಟ್ಟೆ. ಹುಡುಗಿ ಅದನ್ನೇ ಹೊದ್ದು ದೊಡ್ಡವಳಾದಳು. ವರ್ಷಕ್ಕೊಮ್ಮೆ ಕಾಲುವೆಗೆ ಒಯ್ದು ಕಲ್ಲಿನ ಮೇಲೆ ಬಡಿದು ಒಗೆದದ್ದೂ ಉಂಟು.

ಬಿಚ್ಚುವಾಗ ಕೌದಿಗೆ ಕೈ ಮುಗಿದೆ. ರೊಟ್ಟಿ ಪುಡಿಯೂ ಉಳಿದಿರಲಿಲ್ಲ. ನೋಟುಗಳು ಇದ್ದವು. ಎಲ್ಲದರ ಮೇಲೂ ಅದೇ ದುಂಡು ಮುಖದ ಮನುಷ್ಯ, ಅದೇ ಕೆಂಪು ಬಣ್ಣ, ಒಂದೊಂದೂ ನೂರರದು. ಇಪ್ಪತ್ತು ಇದ್ದವು. ದಾನೇಶ್ವರಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಫೋನು ತೆಗೆದು ಏನೋ ಒತ್ತಿದಳು. ಎರಡು ಸಾವಿರ ಯುವಾನಿಗೆ ಇನ್ನೂರಾ ನಲವತ್ತು ಯೂರೋ ಮೇಲೆ ಬರುತ್ತದೆ ಎಂದು ತೋರಿಸಿತು. ಚೀನಾದ ದುಡ್ಡಿಗೆ ಯುವಾನು ಅನ್ನುತ್ತಾರೆಂದು ನನಗೆ ತಿಳಿದದ್ದೇ ಆಗ.

ಮರುದಿನ ರಾಯಚೂರು ಬಸ್ಸು ಹತ್ತಿದೆವು. ತೀನ್ ಕಂದೀಲು ಸರ್ಕಲ್ಲಿನ ಹತ್ತಿರ ಒಂದು ಸಂದಿಯಲ್ಲಿ ಮುಸರ್ರತ್ ಎಂಬ ಹೆಣ್ಣುಮಗಳ ಆಫೀಸಿದೆ. ಮೆಕ್ಕಾದ ಉಮ್ರಾ ಯಾತ್ರೆಗೆ ಹೋಗುವವರಿಗೆ ಟಿಕೀಟು ಮಾಡಿಸಿ, ಅವರ ರೂಪಾಯಿಗೆ ರಿಯಾಲು ಕೊಡುತ್ತಾಳೆ. ಬೇರೆ ದೇಶದ ದುಡ್ಡು ಬದಲಿಸುವ ಲೈಸೆನ್ಸು ಗೋಡೆಗೆ ಹಾಕಿದ್ದಳು. ಪಕ್ಕದಲ್ಲಿ ಒಂದು ಬೋರ್ಡು: ರಿಯಾಲು, ದಿರಹಮು, ಡಾಲರು, ಯೂರೋ. ಒಂದೊಂದರ ಮುಂದೆ ಎರಡೆರಡು ಅಂಕಿ, ನಡುವೆ ಸಾಸಿವೆ ಕಾಳಿನಷ್ಟು ಚುಕ್ಕಿ.

ಮುಸರ್ರತ್ ನಮ್ಮ ನೋಟುಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದಳು. ಏಳು ನೋಟುಗಳಲ್ಲಿ ನನ್ನ ಸೂಜಿ ಹಾದು ಹೋಗಿತ್ತು. ಆ ತೂತುಗಳೊಳಗಿಂದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಇಳಿದು ಅವಳ ಕೆನ್ನೆಯ ಮೇಲೆ ಬಿತ್ತು. ಒಂದು ನೋಟಿನಲ್ಲಿ ಸಾಲು ಹೊಲಿಗೆಯೇ ಬಿದ್ದಿತ್ತು, ನಕ್ಷತ್ರ ಜೋಡಿಸಿಟ್ಟಂತೆ ಕಾಣುತ್ತಿತ್ತು.

"ಇದೇನಮ್ಮಾ, ನೋಟಿಗೆ ಕಿವಿ ಚುಚ್ಚಿಸೀರಿ?" ಅಂದಳು.

ನಡೆದದ್ದು ಹೇಳಿದೆ. ನಕ್ಕಳು, ಆಮೇಲೆ ನಗು ನಿಲ್ಲಿಸಿ ನೋಟುಗಳನ್ನು ಎರಡು ಪಾಲು ಮಾಡಿದಳು. ತೂತು ಬಿದ್ದವನ್ನು ತಾನು ಹೈದರಾಬಾದಿನ ದೊಡ್ಡ ವ್ಯಾಪಾರಿಗಳಿಗೆ ಕಳಿಸಿದರೆ ಅವರು ತಿರುಗಿ ಕಳಿಸುತ್ತಾರಂತೆ. ಉಳಿದ ಹದಿಮೂರನ್ನು ಕೊಂಡು ರೂಪಾಯಿ ಲೆಕ್ಕ ಹಾಕಿ, ಆ ರೂಪಾಯಿಗೆ ಯೂರೋ ಕೊಟ್ಟರೆ ನೂರಾ ಮೂವತ್ತು ಆಗುತ್ತದೆ ಅಂದಳು. ಯುವಾನು ಒಂದಕ್ಕೆ ಹತ್ತೂವರೆ ರೂಪಾಯಿಯಂತೆ ಕೊಳ್ಳುತ್ತಾಳೆ. ಅದನ್ನೇ ಯಾರಾದರೂ ಕೇಳಿ ಬಂದರೆ ಹದಿನಾಲ್ಕಕ್ಕೆ ಮಾರುತ್ತಾಳೆ.

ದಾನೇಶ್ವರಿ ತನ್ನ ಫೋನು ಮುಂದೆ ಹಿಡಿದಳು. ಅಲ್ಲಿ ಹನ್ನೆರಡು ಚಿಲ್ಲರೆ ತೋರಿಸುತ್ತಿತ್ತು. ಹಾಗಾದರೆ ಇದು ಸುಳ್ಳೇ ಎಂದು ಕೇಳಿದಳು. ದನಿ ಸ್ವಲ್ಪ ಬಿರುಸಾಗಿತ್ತು.

ಮುಸರ್ರತ್ ಬೇಜಾರು ಮಾಡಿಕೊಳ್ಳಲಿಲ್ಲ. "ಸುಳ್ಳಲ್ಲಮ್ಮ. ಅದು ನಟ್ಟನಡುವಿನ ರೇಟು. ಅಷ್ಟಕ್ಕ ಕೊಡೋರೂ ಇಲ್ಲ, ಅಷ್ಟಕ್ಕ ತಗೊಳ್ಳೋರೂ ಇಲ್ಲ. ಈ ದುಡ್ಡು ರಾಯಚೂರಾಗ ವರ್ಷಕ್ಕ ಒಮ್ಮಿ ಯಾರರ ಕೇಳ್ತಾರ. ಅಲ್ಲೀತನಕ ನನ್ನ ಪೆಟ್ಟಿಗ್ಯಾಗ ಕುಂತಿರತದ. ಕುಂತಾಗ ರೇಟು ಬಿದ್ರ ನನ್ನ ಮ್ಯಾಲೆ ಬೀಳತದ. ಅದಕ್ಕ ಅತ್ತಾಗಷ್ಟು ಇತ್ತಾಗಷ್ಟು ಬಿಟ್ಕೊಂಡಿರ್ತೀವಿ."

ಈ ಮಾತು ನನಗೆ ಗೊತ್ತಿತ್ತು. ಇದೇ ಮಾತನ್ನು ನಮ್ಮವ್ವನ ಬಾಯಲ್ಲಿ ಕೇಳುತ್ತ ಬೆಳೆದಿದ್ದೆ, ಇಷ್ಟು ವರ್ಷ ಅದೊಂದು ಕಥೆ ಅಂದುಕೊಂಡಿದ್ದೆ.

ನಮ್ಮವ್ವನ ತವರು ಚೀಕಲಪರ್ವಿ, ತುಂಗಭದ್ರೆಯ ದಂಡೆ. ಆಗ ಹೊಳೆಯ ಈ ದಂಡೆ ನಿಜಾಮನದು, ಆ ದಂಡೆ ಇಂಗ್ಲಿಷರದು. ಈ ದಂಡೆಗೆ ಹಾಲಿ ರೂಪಾಯಿ ನಡೆಯುತ್ತಿತ್ತು, ಆ ದಂಡೆಗೆ ಕಲ್ದಾರ್ ರೂಪಾಯಿ. ಹರಿಗೋಲು ಹತ್ತಿ ದಾಟಿದರೆ ಆಯಿತು, ನಿಮ್ಮ ಸೆರಗಿನ ಗಂಟಿನಲ್ಲಿರುವುದು ಬರೀ ಬಿಲ್ಲೆ. ಏಳು ಹಾಲಿಗೆ ಆರು ಕಲ್ದಾರ್ ಅನ್ನುವುದು ಬಾಯಿಲೆಕ್ಕ. ಆದರೆ ದುಡ್ಡು ಬದಲಿಸಿಕೊಡಲು ದಂಡೆಯ ಮೇಲೆ ಕುಳಿತ ಸರಾಫ ಹೋಗುವಾಗಲೂ ಸ್ವಲ್ಪ ಮುರಿದುಕೊಳ್ಳುತ್ತಿದ್ದ, ಬರುವಾಗಲೂ ಸ್ವಲ್ಪ ಮುರಿದುಕೊಳ್ಳುತ್ತಿದ್ದ. ನಮ್ಮವ್ವ ಹುಣಸೆಹಣ್ಣು ಮಾರಲು ದಾಟುತ್ತಿದ್ದವಳು. ಅವಳು ಸರಾಫನ ಹತ್ತಿರ ಹೋಗುತ್ತಿರಲಿಲ್ಲ. ಬುಟ್ಟಿ ಇಳಿಸಿ ನೆರಳಿಗೆ ಕೂಡುತ್ತಿದ್ದಳು. ಆ ದಂಡೆಯಿಂದ ಈ ದಂಡೆಗೆ ಬರುವವರು ಯಾರಾದರೂ ಇಳಿದೇ ಇಳಿಯುತ್ತಾರೆ, ಅವರಿಗೂ ಹಾಲಿ ಬೇಕೇ ಬೇಕು. ಇಬ್ಬರೂ ಎದುರು ಕುಳಿತು ಬದಲು ಮಾಡಿಕೊಂಡರೆ ಇಬ್ಬರಿಗೂ ಮುರಿಯುವುದಿಲ್ಲ. ಹಾಗೆ ಎಷ್ಟೋ ಸಲ ಹೊತ್ತು ಇಳಿಯುವತನಕ ಕುಳಿತಿದ್ದಳಂತೆ.

"ಹಂಗಾದ್ರ ಎದುರಿನಿಂದ ಬರೋರು ಯಾರರ ಇದ್ರ?" ಎಂದು ಮುಸರ್ರತ್‌ಳನ್ನು ಕೇಳಿದೆ. ಚೀನಾಕ್ಕೆ ಹೊರಟವರು, ಈ ನೋಟೇ ಬೇಕಾದವರು.

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಅಂಥವರು ಇದ್ದರೆ ತನಗೆ ಹೈದರಾಬಾದಿನ ಖರ್ಚಿಲ್ಲ, ಕುಳಿತು ಕೊಳೆಯುವ ಹೆದರಿಕೆ ಇಲ್ಲ. ಇಬ್ಬರಿಗೂ ನಡುವಿನ ರೇಟಿನ ಹತ್ತಿರ ಹತ್ತಿರಕ್ಕೆ ಬಿಲ್ಲು ಹರಿದುಕೊಡಬಹುದು ಅಂದಳು. ಆದರೆ ಕೈಯಿಂದ ಕೈಗೆ ಕೊಡುವಂತಿಲ್ಲ, ಕಾನೂನಿನ ಪ್ರಕಾರ ತನ್ನ ಕೌಂಟರಿನ ಮೇಲೇ ಆಗಬೇಕು. ಆಮೇಲೆ ಕಂಪ್ಯೂಟರಿನಲ್ಲಿ ಟಿಕೀಟಿನ ಪುಟ ತೆಗೆದಳು. ದೇವದುರ್ಗದ ಒಬ್ಬ ಗಿರಣಿ ಮಾಲಕರು ಯಂತ್ರ ನೋಡಲು ಚೀನಾಕ್ಕೆ ಹೊರಟಿದ್ದಾರೆ, ನೋಟು ಬೇಕೆಂದು ಕೇಳಿದ್ದರು, ಹದಿನಾಲ್ಕು ಅಂದಿದ್ದಕ್ಕೆ ಹೈದರಾಬಾದಿನಲ್ಲೇ ನೋಡುತ್ತೇನೆ ಅಂದಿದ್ದಾರೆ. ಹೆಸರು ಕೇಳಿದೆ. ಗಿರಾಕಿಗಳ ಹೆಸರು ಹೇಳುವುದಿಲ್ಲ ಅಂದಳು. ಶಂಭುಲಿಂಗಪ್ಪನವರೇ ಎಂದು ನಾನೇ ಕೇಳಿದೆ. ಸಾವ್ಕಾರರು ಮಾನ್ವಿಯ ಗಿರಣಿ ತಮ್ಮನಿಗೆ ಬಿಟ್ಟು ದೇವದುರ್ಗದಲ್ಲಿ ಹೊಸದು ಹಾಕಿದ್ದು ನನಗೆ ಗೊತ್ತಿತ್ತು. ಮುಸರ್ರತ್ ಟೇಬಲ್ಲಿನ ಫೋನು ಎತ್ತಿ ಮಾತಾಡಿದಳು.

ಸಾವ್ಕಾರರ ಉತ್ತರ ಅರ್ಧ ಸಿಹಿ. ನಡುವಿನ ರೇಟಾದರೆ ಬರುತ್ತೇನೆ. ಆದರೆ ತೂತು ಬಿದ್ದ ನೋಟು ಚೀನಾದಲ್ಲಿ ನಡೆಯುತ್ತದೋ ಇಲ್ಲವೋ, ಅದನ್ನು ತಾವು ಹೇಗೆ ನಂಬುವುದು ಅಂದರು. ಹದಿಮೂರಷ್ಟೇ ಆದರೆ ದಾನೇಶ್ವರಿಗೆ ಇನ್ನೂರು ಮುಟ್ಟುವುದಿಲ್ಲ. ಆಗ ಅವಳೇ ಲೆಕ್ಕ ಹಾಕಿ ನೋಡಿ ನೂರೈವತ್ತು ಅಂದಳು. "ಸಾಕು ಬಿಡು ಆಯಿ. ಅಲ್ಲಿ ಹೋಗಿ ಆ ಮನಿಯಾಕೀಗಿ ಕೈ ಮುಗದು ಕೇಳ್ತೀನಿ" ಅಂದಳು. ಅವಳು ಯಾರಿಗೂ ಹಾಗೆ ಕೈ ಮುಗಿದು ಕೇಳುವವಳಲ್ಲ ಎಂಬುದು ನನಗೆ ಗೊತ್ತು.

"ದೇವದುರ್ಗದ ಬಸ್ಸು ಎಷ್ಟೊತ್ತಿಗದ?" ಎಂದು ಕೇಳಿದೆ.

ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕುಳಿತೆ. ಎರಡೂ ಕಡೆ ಹತ್ತಿ ಒಡೆದಿತ್ತು. ದಾನೇಶ್ವರಿ ಫೋನಿನಲ್ಲಿ ಹಳೆಯ ವರ್ಷಗಳ ರೇಟು ತೆಗೆದು ನೋಡುತ್ತಿದ್ದಳು. ಚೆನ್ನಪ್ಪ ನೋಟು ಕೊಟ್ಟಾಗ ಯುವಾನಿಗೆ ನಮ್ಮ ಹತ್ತು ರೂಪಾಯಿ ಇತ್ತಂತೆ, ಈಗ ಹನ್ನೆರಡು ದಾಟಿದೆ. ನಾವು ಅದರ ಮೇಲೆ ಮಲಗಿದ್ದಾಗ ಅದು ಸುಮ್ಮನೆ ಕತ್ತಲಲ್ಲಿ ಬೆಳೆಯುತ್ತಿತ್ತೇ ಎಂದೆ. ಹಾಗೇ ಅಂದುಕೊ ಅಂದಳು, ಮತ್ತೆ ತಡೆದು, ಇಲ್ಲ ಅಂದಳು. ಯುವಾನಿಗೂ ಯೂರೋಕ್ಕೂ ಲೆಕ್ಕ ನೋಡಿದರೆ ಆಗಲೂ ಎಂಟು ಚಿಲ್ಲರೆ ಯುವಾನಿಗೆ ಒಂದು ಯೂರೋ, ಈಗಲೂ ಎಂಟು ಚಿಲ್ಲರೆಗೆ ಒಂದು. ನಡುವೆ ಏರಿಳಿದರೂ ತಿರುಗಿ ಅಲ್ಲಿಗೇ ಬಂದು ನಿಂತಿವೆ. "ಅವೆರಡೂ ಇದ್ದಲ್ಲೇ ಅವ ಆಯಿ. ಇಳದದ್ದು ನಮ್ಮ ರೂಪಾಯಿ."

ಸಣ್ಣವಳಿದ್ದಾಗ ಹರಿಗೋಲಿನಲ್ಲಿ ಕುಳಿತು ಹೊಳೆ ದಾಟಿದ್ದು ನೆನಪಾಯಿತು. ಹರಿಗೋಲು ತಿರುಗುತ್ತ ಹೋಗುತ್ತದಲ್ಲ, ಒಳಗೆ ಕುಳಿತವರಿಗೆ ತಾವು ತಿರುಗುವುದು ತಿಳಿಯುವುದಿಲ್ಲ. ದಂಡೆಯ ಮರಗಳೇ ಓಡುತ್ತಿವೆ ಅನ್ನಿಸುತ್ತದೆ. ಎರಡು ಮರಗಳ ನಡುವಿನ ಅಂತರ ನೋಡಿದರೆ ಮಾತ್ರ ಮರ ಓಡುತ್ತಿಲ್ಲ, ನಾವು ತೇಲುತ್ತಿದ್ದೇವೆ ಎಂದು ಗೊತ್ತಾಗುತ್ತದೆ. ಜೋಳದ ದರ ಏರಿತು, ಎಣ್ಣೆಯ ದರ ಏರಿತು ಎಂದು ನಾನು ಆಯುಷ್ಯವಿಡೀ ಹೇಳಿದ್ದೇನೆ. ಅದರಲ್ಲಿ ಎಷ್ಟು ಮರ ಓಡಿದ್ದು, ಎಷ್ಟು ನಮ್ಮ ಹರಿಗೋಲು ತೇಲಿದ್ದು? ಈ ಪ್ರಶ್ನೆ ನನಗೆ ಎಂದೂ ಹುಟ್ಟಿರಲಿಲ್ಲ. ಎಪ್ಪತ್ತು ದಾಟಿದ ಮೇಲೆ ಬಸ್ಸಿನ ಕಿಟಕಿಯಲ್ಲಿ ಹುಟ್ಟಿತು.

ಈ ರೇಟನ್ನು ಹೇಳುವವರು ಯಾರು ಎಂದು ಕೇಳಿದೆ. ಯಾರೂ ಹೇಳುವುದಿಲ್ಲ, ಕೊಳ್ಳುವವರು ಮಾರುವವರು ಎಲ್ಲ ಸೇರಿ ಆಗುತ್ತದೆ ಅಂದಳು. ನಮ್ಮ ಸಾವ್ಕಾರರು ಒಂದು ಯಂತ್ರ ಕೊಂಡರೆ ಯುವಾನು ಬೇಕಾದವರಲ್ಲಿ ಒಬ್ಬರು ಹೆಚ್ಚಾದರು. ಹಾಗೆ ಹೆಚ್ಚುತ್ತ ಕಡಿಮೆಯಾಗುತ್ತ, ನಾವು ಮಾತಾಡುವಾಗಲೂ ಬದಲಾಗುತ್ತಿರುತ್ತದೆ. ಫೋನು ತೋರಿಸಿದಳು. ಚುಕ್ಕಿಯ ಆಚೆಗಿನ ಕೊನೆಯ ಅಂಕಿ ನನ್ನ ಕಣ್ಣ ಮುಂದೆ ಬದಲಾಯಿತು. ಯಾರ ಕೈಯೂ ಕಾಣಲಿಲ್ಲ. ಎಲ್ಲಿಯೋ ಯಾರೋ ಏನೋ ಕೊಂಡಿದ್ದರು. ನಾನು ಆ ಅಂಕಿಯನ್ನು ದೇವರ ದೀಪ ನೋಡಿದಂತೆ ನೋಡುತ್ತ ಕುಳಿತೆ.

ಸಾವ್ಕಾರರು ಗಿರಣಿಯ ಮುಂದೆ ಕುರ್ಚಿ ಹಾಕಿ ಕುಳಿತಿದ್ದರು. ಹಣೆಯ ತುಂಬ ವಿಭೂತಿ, ಕೂದಲು ಪೂರ್ತಿ ನರೆತಿತ್ತು. ನನ್ನನ್ನು ನೋಡಿ ಎದ್ದು ನಿಂತರು. "ಬಾ ವೆಂಕಮ್ಮ. ನೀ ಅಂತ ಆ ಹೆಣ್ಮಗಳು ಹೇಳಲೇ ಇಲ್ಲಲ್ಲ" ಅಂದರು. ನೀರು ಕೊಡಿಸಿದರು, ದಾನೇಶ್ವರಿಯ ಓದು ಕೇಳಿದರು. ನೋಟು ನೋಡಿ ನಕ್ಕರು, ಆದರೆ ಮಾತು ಬದಲಿಸಲಿಲ್ಲ. ವ್ಯಾಪಾರ ವ್ಯಾಪಾರವೇ. ಅಲ್ಲಿ ಈಗ ನೋಟು ಹಿಡಿಯುವವರೇ ಕಡಿಮೆ, ಎಲ್ಲರೂ ಫೋನಿನಲ್ಲೇ ಕೊಡುತ್ತಾರೆ, ತನಗೆ ಕೈಖರ್ಚಿಗೆ ಬೇಕು ಅಷ್ಟೇ. ಅದರಲ್ಲಿ ತೂತಿನ ನೋಟು ಕೊಟ್ಟರೆ ಕಳ್ಳನೋಟು ಎಂದು ಹಿಡಿದರೆ ಏನು ಗತಿ ಅಂದರು. ಅದೂ ನಿಜವೇ. ನೀರಿನ ಲೋಟ ಕೆಳಗಿಟ್ಟು, ಚೆನ್ನಪ್ಪ ಹೇಗಿದ್ದಾನೆ ಎಂದು ಕೇಳಿದೆ.

ಕೇಳಿದ್ದು ನೋಟಿನ ಸಲುವಾಗಿ ಅಲ್ಲ. ಹೊಸ ಯಂತ್ರದ ವ್ಯವಹಾರವೆಂದರೆ ಅವನ ಸುದ್ದಿ ಇದ್ದೇ ಇರುತ್ತದೆ, ಕೂಸು ಹೆಣ್ಣೋ ಗಂಡೋ ಎಂದು ನನಗೆ ಇವತ್ತಿಗೂ ತಿಳಿದಿರಲಿಲ್ಲ.

ಸಾವ್ಕಾರರು ತಲೆಗೆ ಕೈ ಹಚ್ಚಿಕೊಂಡರು. "ಲೇ, ನನ್ನ ಬುದ್ಧಿಗಿಷ್ಟು. ಅವನ್ನ ಕೇಳಿದ್ರಾತಲ್ಲ" ಅಂದರು.

ಫೋನಿನಲ್ಲಿ ಮುಖ ಬಂತು. ದಪ್ಪಗಾಗಿದ್ದ, ಕನ್ನಡಕ ಬಂದಿತ್ತು. ಅವನ ಹಿಂದೆ ಕಿಟಕಿಯಲ್ಲಿ ಆಗಲೇ ಸಂಜೆಯಾಗಿತ್ತು. ನಮ್ಮಲ್ಲಿ ಇನ್ನೂ ಬಿಸಿಲು. ನನ್ನನ್ನು ನೋಡಿ ಅವನು ಮೊದಲು ಅಂದದ್ದು "ರೊಟ್ಟಿ". ಅದೊಂದೇ ಕನ್ನಡ ಉಳಿದಿತ್ತು ಅವನಲ್ಲಿ. ಸಾವ್ಕಾರರು ಇಂಗ್ಲಿಷಿನಲ್ಲಿ ಕೇಳಿದರು, ದಾನೇಶ್ವರಿ ನೋಟುಗಳನ್ನು ಫೋನಿಗೆ ಹಿಡಿದಳು. ತೂತುಗಳನ್ನು ಕಂಡು ಅವನಿಗೆ ಅರ್ಥವಾಗಲಿಲ್ಲ. ಅವಳು ಹೊಲಿಯುವಂತೆ ಕೈ ಮಾಡಿ ತೋರಿಸಿದಳು. ಅವನು ಕನ್ನಡಕ ತೆಗೆದು ಒರೆಸಿಕೊಂಡ. ತನ್ನ ಮಾತನ್ನು ಯಾರೋ ಹೇಳಿದ ಹಾಗೇ ನಡೆಸಿದ್ದಾರೆಂದು ಅವನು ಅಂದುಕೊಂಡಿರಲಿಕ್ಕಿಲ್ಲ.

ಅವನು ಹೇಳಿದ್ದು ಇಷ್ಟು: ನೋಟಿನ ಮೈ ಹೆಚ್ಚುಕಡಿಮೆ ಪೂರ್ತಿ ಇದ್ದರೆ ಅಲ್ಲಿಯ ಬ್ಯಾಂಕು ತೂತಿಗೆ ಮುರಿದುಕೊಳ್ಳುವುದಿಲ್ಲ, ಪೂರಾ ಬೆಲೆಗೆ ಬದಲಿಸಿಕೊಡುತ್ತದೆ. ಸಾವ್ಕಾರರು ತರಲಿ, ಬ್ಯಾಂಕಿಗೆ ತಾನೇ ಕರೆದುಕೊಂಡು ಹೋಗುತ್ತೇನೆ. ಇಷ್ಟು ಹೇಳಿ ಅವನು ಹಿಂದೆ ತಿರುಗಿ ಯಾರನ್ನೋ ಕರೆದ. ಹನ್ನೆರಡು ವರ್ಷದ ಹುಡುಗಿ ಬಂದಳು, ನಾಚುತ್ತ. ಅವಳ ಹೆಗಲ ಮೇಲೆ ನನ್ನ ಕೌದಿ ಇತ್ತು. ಈಗ ಅದು ಅವಳಿಗೆ ಸಾಲುತ್ತಿರಲಿಲ್ಲ, ಶಾಲಿನಂತೆ ಹಾಕಿಕೊಂಡಿದ್ದಳು. ನನ್ನ ಹಸಿರು ಇಳಕಲ್ಲ ಸೀರೆಯ ತುಂಡು, ದಾನೇಶ್ವರಿಯ ಲಂಗದ ತುಂಡು, ಎಲ್ಲ ಬಣ್ಣ ಮಾಸಿದ್ದವು. ಹುಡುಗಿ ಒಂದು ಮೂಲೆ ಎತ್ತಿ ಫೋನಿಗೆ ಹತ್ತಿರ ತಂದಳು. ನಾನು ಮುಚ್ಚಿದ ಮೂಲೆ. ಹೊಲಿಗೆ ಒಂದೂ ಬಿಚ್ಚಿರಲಿಲ್ಲ.

ಅಷ್ಟು ದೂರದ ದೇಶದಲ್ಲಿ, ಭಾಷೆ ಬಾರದ ಮನೆಯೊಳಗೆ, ನಮ್ಮ ರೊಟ್ಟಿ ಇಟ್ಟ ಮೂಲೆಯನ್ನು ಯಾರೂ ಬಿಚ್ಚದೆ ಇಟ್ಟಿದ್ದರು. ಬಿಚ್ಚಿದವಳು ನಾನು.

ಕೈ ಮುಗಿದೆ. ಅವರೂ ಮುಗಿದರು. ಫೋನು ಕಪ್ಪಾಯಿತು. ಗಿರಣಿಯೊಳಗೆ ಮಾನ್ವಿಯಲ್ಲಿದ್ದಂಥದೇ ಒಂದು ಯಂತ್ರ ಉಫ್ ಉಫ್ ಎಂದು ಊದುತ್ತಿತ್ತು.

ಸಾವ್ಕಾರರು ಕಾರು ತೆಗೆದರು. ದಾರಿಯಲ್ಲಿ ಒಂದೇ ಮಾತು ಆಡಿದರು. "ಕೌದಿ ಬಾಯಾಗಿನ ತುತ್ತು ತಗದು ತಂದೀರಿ. ಇದಕ್ಕ ನಾ ಹದಿನಾಲ್ಕೇ ಕೊಡಬೇಕು, ಅಲ್ಲೇನು?" ಬೇಡ ಎಂದೆ. ನಡುವಿನದೇ ಇರಲಿ. ನಿಮಗೂ ಮುರಿಯಬಾರದು, ನಮಗೂ ಮುರಿಯಬಾರದು.

ಮುಸರ್ರತ್ ಅಂಗಡಿ ಮುಚ್ಚದೆ ಕಾದಿದ್ದಳು. ಎರಡು ಬಿಲ್ಲು ಹರಿದಳು. ನನ್ನಿಂದ ಹನ್ನೆರಡಕ್ಕೆ ಕೊಂಡು ಸಾವ್ಕಾರರಿಗೆ ಹನ್ನೆರಡೂವರೆಗೆ ಕೊಟ್ಟಳು; ನಡುವಿನ ಎಂಟಾಣೆ ತನ್ನ ಕೌಂಟರಿನ ಬಾಡಿಗೆ ಅಂದಳು. ಹೊಳೆ ದಾಟಿಸುವವರಿಗೂ ಏನಾದರೂ ಇರಬೇಕಲ್ಲ. ಸಾಲು ಹೊಲಿಗೆ ಬಿದ್ದಿದ್ದ ಒಂದು ನೋಟನ್ನು ಮಾತ್ರ ನಾನು ಮುಂದಿಡಲಿಲ್ಲ. ಉಳಿದ ಹತ್ತೊಂಬತ್ತರಿಂದ ಬಂದ ರೂಪಾಯಿಯನ್ನು ನಾನು ಮುಟ್ಟುವ ಮೊದಲೇ ಅವಳು ಯೂರೋ ಮಾಡಿದಳು. ಇನ್ನೂರು, ಅದರ ಮೇಲೆ ಒಂದು ಹತ್ತರದು, ಒಂದು ಐದರದು, ಉಳಿದದ್ದು ನಮ್ಮ ಚಿಲ್ಲರೆಯಲ್ಲಿ. ನೋಟಿನ ಮೇಲೆ ಯಾರ ಮುಖವೂ ಇರಲಿಲ್ಲ. ಒಂದು ಕಡೆ ಬಾಗಿಲು, ಇನ್ನೊಂದು ಕಡೆ ಸೇತುವೆ. ಹೊಳೆಯ ಮಾತು ಇವರಿಗೂ ಗೊತ್ತಿರಬೇಕು ಅಂದುಕೊಂಡೆ.

ದಾನೇಶ್ವರಿ ಅವನ್ನು ಎಣಿಸಲಿಲ್ಲ. ಎರಡೂ ಅಂಗೈಯಲ್ಲಿ ಹಿಡಿದುಕೊಂಡು ನಿಂತಳು. ನಿನ್ನೆಯತನಕ ಇವು ಕೌದಿಯೊಳಗಿನ ಕೆಂಪು ಕಾಗದವಾಗಿದ್ದವು. ಚೀನಾದ ಒಬ್ಬ ಮನುಷ್ಯನ ಜ್ವರ, ನನ್ನ ನುಚ್ಚು, ಸಾವ್ಕಾರರ ಹೊಸ ಯಂತ್ರ, ಇಷ್ಟೂ ಹಾದು ಬಂದು ನೆದರ್ಲೆಂಡ್ಸಿನ ಒಂದು ಬೀಗದ ಕೈ ಆಗಿದ್ದವು. ಇದನ್ನು ಲೆಕ್ಕ ಅನ್ನುತ್ತಾರೆ. ನನಗೆ ಲೆಕ್ಕದಂತೆ ಕಾಣಲಿಲ್ಲ.

ಅವಳು ವಿಮಾನ ಹತ್ತುವ ಹಿಂದಿನ ದಿನ, ಊಟವಾದ ಮೇಲೆ, ಬಾಗಿಲ ಬೆಳಕಿಗೆ ಕೌದಿ ಹಾಸಿಕೊಂಡು ಕುಳಿತೆ. ಬಿಸಿ ರೊಟ್ಟಿಯ ಒಂದು ಚೂರು ಮುರಿದು ಮೂಲೆಯೊಳಗೆ ಇಟ್ಟೆ. ಅದರ ಪಕ್ಕ ಆ ಒಂದು ಕೆಂಪು ನೋಟು. ದಾನೇಶ್ವರಿ ಪೆಟ್ಟಿಗೆ ಕಟ್ಟುತ್ತಿದ್ದವಳು ನೋಡಿದಳು.

"ಅದನ್ನ ಯಾಕ ಮತ್ತ ಒಳಗ ಇಡಾಕತ್ತೀ ಆಯಿ? ಸಾವ್ಕಾರ್ರಿಗಿ ಕೊಟ್ಟಿದ್ರ ಆಗ್ತಿತ್ತಲ್ಲ."

"ಇರಲಿ ಬಿಡಬೇ. ಎದುರಿನಿಂದ ಮತ್ಯಾರರ ಬಂದಾರು."

ಅವಳು ನಕ್ಕು ಪೆಟ್ಟಿಗೆಗೆ ತಿರುಗಿದಳು. ನಾನು ಸೂಜಿಗೆ ದಾರ ಪೋಣಿಸಿ ಬಾಯಿ ಮುಚ್ಚತೊಡಗಿದೆ. ನೋಟು ಎಲ್ಲಿದೆ ಎಂದು ಬೆರಳಿನಿಂದ ಮುಟ್ಟಿ ನೋಡಿಕೊಂಡು, ಈ ಸಲ ಸೂಜಿ ಅದಕ್ಕೆ ತಾಗದ ಹಾಗೆ ಸುತ್ತು ಬಳಸಿ, ಆಚೆಯಿಂದ ಹೊಲಿದೆ.